ಮೊಣಕಾಲು ಉಳುಕಿದರೆ ವಯಸ್ಸಿನ ಮೇಲೆ ಹಾಕಿ ಕೂಡಬೇಡಿ



ಮಾರ್ಚ್ 8 ರ ಮಹಿಳಾ ದಿನಾಚರಣೆ ಬಂತೆಂದರೆ ಯಾದಗಿರಿ, ಶಹಾಪುರ, ಸುರಪುರದ ನಮ್ಮ ಸಂಘಗಳಲ್ಲಿ ಒಂದು ಹುರುಪು. ಓಟ, ಹಗ್ಗ ಜಗ್ಗಾಟ, ಖೋಖೋ, ಕುರ್ಚಿ ಆಟ, ಚಮಚದಾಗ ಲಿಂಬೆಹಣ್ಣು ಇಟ್ಟುಕೊಂಡು ನಡೆಯುವ ಆಟ. ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಓಡುವ ನಲವತ್ತು, ಐವತ್ತು ದಾಟಿದ ಅಕ್ಕಂದಿರನ್ನು ನೋಡಿದರೆ ಅವರು ಶಾಲೆಯಲ್ಲಿದ್ದಾಗ ಎಂಥ ಆಟಗಾರ್ತಿಯರಾಗಿದ್ದರು ಎಂದು ಗೊತ್ತಾಗುತ್ತದೆ. ಆದರೆ ಆಟ ಮುಗಿದ ಮೇಲೆ ಮೊಣಕಾಲು ಹಿಡಿದುಕೊಂಡು ಕೂತವರನ್ನೂ ನಾವು ನೋಡಿದ್ದೇವೆ. ಈ ಲೇಖನ ಅವರಿಗಾಗಿ.

ನಮ್ಮ ಒಂದು ಸಂಘದ ಅಕ್ಕನ ಕಥೆ ಕೇಳಿರಿ. ವಯಸ್ಸು 48. ಹುಡುಗಿ ಇದ್ದಾಗ ಶಾಲೆಯ ಖೋಖೋ ತಂಡದಲ್ಲಿ ಆಡಿದವರು. ಮಹಿಳಾ ದಿನದ ಆಟದಲ್ಲಿ ಗಕ್ಕನೆ ತಿರುಗುವಾಗ ಮೊಣಕಾಲಿನಲ್ಲಿ "ಟಕ್" ಎಂದು ಶಬ್ದವಾಯಿತು. ಸಂಜೆಯೊಳಗೆ ಕಾಲು ಬಾತು ಕುಂಬಳಕಾಯಿ ಆಯಿತು. ಮನೆಯವರು ಬಿಸಿ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿದರು. ನೋವು ಇನ್ನಷ್ಟು ಏರಿತು. ಹದಿನೈದು ದಿನದ ಮೇಲೆ ಯಾರೋ ಒಬ್ಬರ ಹತ್ತಿರ ಒಂದು ಸೂಜಿ ಹಾಕಿಸಿಕೊಂಡರು. ಎಂಟು ದಿನ ಆರಾಮ, ಮತ್ತೆ ಅದೇ ಕಥೆ. "ವಯಸ್ಸಾತು ಯವ್ವ, ಇನ್ನೇನ್ ಮಾಡೋದದ" ಎಂದು ಓಣಿಯ ಮಂದಿ ಹೇಳಿದರು. ನಾಲ್ಕು ತಿಂಗಳಾದ ಮೇಲೆ ದೂರದ ಊರಿನ ಒಂದು ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದರು. "ಒಳಗ ಹರಿದದ, ಈ ವಾರವೇ ಆಪರೇಷನ್ ಆಗಬೇಕು" ಎಂದರು. ಅಕ್ಕ ಎರಡು ಆಡು ಮಾರಲು ಹೊರಟಿದ್ದರು. ಆಗ ವಿಷಯ ಸಂಘದ ಸಭೆಗೆ ಬಂತು. ಸದಸ್ಯೆಯರು ಸೇರಿ ಅವರನ್ನು ಸರ್ಕಾರಿ ಆಸ್ಪತ್ರೆಯ ಎಲುಬಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಅವರು ಕಾಲು ಮುಟ್ಟಿ, ಮಡಚಿ, ನಡೆಸಿ ನೋಡಿ, "ಮೊದಲು ಮೂರು ತಿಂಗಳು ವ್ಯಾಯಾಮ ಮಾಡ್ರಿ, ಆಮೇಲೆ ಆಪರೇಷನ್ ಮಾತು" ಎಂದರು. ಆ ಅಕ್ಕನಿಗೆ ಆಪರೇಷನ್ ಬೇಕಾಗಲೇ ಇಲ್ಲ. ಆದರೆ ಮೊದಲ ದಿನವೇ ಸರಿಯಾದ ಆರೈಕೆ ಸಿಕ್ಕಿದ್ದರೆ ನಾಲ್ಕು ತಿಂಗಳ ಕೂಲಿ ಉಳಿಯುತ್ತಿತ್ತು.

ಏಷ್ಯನ್ ಕ್ರೀಡಾಕೂಟದಲ್ಲಿ 2010 ಮತ್ತು 2014 ರಲ್ಲಿ ಚಿನ್ನ ಗೆದ್ದ ಭಾರತದ ಮಹಿಳಾ ಕಬಡ್ಡಿ ತಂಡದಲ್ಲಿ ನಮ್ಮ ಕರ್ನಾಟಕದ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇದ್ದರು. ಅಂಥ ದೊಡ್ಡ ಆಟಗಳಲ್ಲಿ ಆಟಗಾರ್ತಿ ಬಿದ್ದರೆ ನೋಡಿಕೊಳ್ಳಲು ಮೈದಾನದಲ್ಲೇ ಜನ ಇರುತ್ತಾರೆ. ನಮ್ಮ ಹಳ್ಳಿಯ ಮೈದಾನದಲ್ಲಿ ಇರುವುದು ನಾವೇ. ಆದ್ದರಿಂದ ನಾವೇ ತಿಳಿದುಕೊಳ್ಳಬೇಕು.

ಮೊಣಕಾಲಿನ ಒಳಗೆ ಏನಿದೆ?

ತೊಡೆಯ ಎಲುಬು, ಕೆಳಗಾಲಿನ ಎಲುಬು, ಮುಂದೆ ಮಂಡಿಚಿಪ್ಪು, ಈ ಮೂರು ಸೇರುವ ಜಾಗವೇ ಮೊಣಕಾಲು. ಎಲುಬಿನ ತುದಿಗೆ ನುಣುಪಾದ ಮೃದು ಎಲುಬಿನ ಹೊದಿಕೆ ಇರುತ್ತದೆ. ನಡುವೆ ಬೀಸುವ ಕಲ್ಲಿನ ನಡುವೆ ಇಟ್ಟ ಮೆತ್ತೆಯಂತೆ ಎರಡು ಬಿಲ್ಲೆಗಳಿವೆ. ಇವಕ್ಕೆ ಡಾಕ್ಟರು ಮೆನಿಸ್ಕಸ್ ಎನ್ನುತ್ತಾರೆ. ಎಲುಬುಗಳು ಅತ್ತಿತ್ತ ಜಾರದಂತೆ ಹಗ್ಗದ ಹಾಗೆ ಹಿಡಿದಿಡುವ ನಾಲ್ಕು ಮುಖ್ಯ ಕಟ್ಟುಗಳಿವೆ. ಇವು ಲಿಗಮೆಂಟ್. ಇದೆಲ್ಲವನ್ನೂ ಕಾಯುವುದು ತೊಡೆಯ ಮಾಂಸಖಂಡ.

ಪಾದ ನೆಲದಲ್ಲಿ ಊರಿದ್ದು ಮೈ ಮಾತ್ರ ಗಕ್ಕನೆ ತಿರುಗಿದರೆ ಕಟ್ಟು ಅಥವಾ ಬಿಲ್ಲೆ ಹರಿಯಬಹುದು. ಹರೆಯದಲ್ಲಿ ಇದಕ್ಕೆ ದೊಡ್ಡ ಪೆಟ್ಟೇ ಬೇಕು. ನಲವತ್ತು ದಾಟಿದ ಮೇಲೆ ಬಿಲ್ಲೆ ಒಣಗಿದ ಚರ್ಮದಂತೆ ಆಗಿರುತ್ತದೆ, ಸಣ್ಣ ತಿರುವಿಗೂ ಬಿರಿಯಬಹುದು. ಮುಟ್ಟು ನಿಂತ ಮೇಲೆ ಹೆಣ್ಣುಮಕ್ಕಳ ಎಲುಬಿನ ಗಟ್ಟಿತನವೂ ಕಡಿಮೆಯಾಗುತ್ತದೆ. ಅದಕ್ಕೇ ಐವತ್ತರ ಅಕ್ಕ ಬಿದ್ದಾಗ "ಬರೀ ಉಳುಕು" ಎಂದು ತಳ್ಳಿಹಾಕಬಾರದು.

ನಮ್ಮ ಕೆಲಸವೂ ಮೊಣಕಾಲಿನ ಮೇಲೆಯೇ ನಡೆಯುತ್ತದೆ. ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ಶಹಾಪುರ, ಸುರಪುರದ ಕಡೆ ಭತ್ತ ಹೆಚ್ಚಾಯಿತು. ಕೆಸರಿನಲ್ಲಿ ಬಗ್ಗಿ ನಾಟಿ ಹಚ್ಚುವುದು, ಕುಕ್ಕರಗಾಲಿನಲ್ಲಿ ಕೂತು ಕಸ ತೆಗೆಯುವುದು, ಹತ್ತಿ ಮೂಟೆ ಹೊರುವುದು, ಮನೆಗೆ ಬಂದರೆ ನೆಲಕ್ಕೆ ಕೂತು ರೊಟ್ಟಿ ಬಡಿಯುವುದು. ಉಳುಕಿದ ಕಾಲಿಗೆ ಇಲ್ಲಿ ವಿಶ್ರಾಂತಿ ಎಲ್ಲಿದೆ? ಆದ್ದರಿಂದ ನಮಗೆ ಆರೈಕೆ ಇನ್ನೂ ಹೆಚ್ಚು ಬೇಕು.

ಮೊದಲ ಮೂರು ದಿನ ಏನು ಮಾಡಬೇಕು?

1. ಆಟ ಕೂಡಲೇ ನಿಲ್ಲಿಸಿ. "ಇನ್ನೊಂದು ಸುತ್ತು ಅಷ್ಟೇ" ಎಂದು ಓಡಬೇಡಿ. ಸಣ್ಣ ಬಿರುಕು ದೊಡ್ಡದಾಗುವುದು ಆ ಸುತ್ತಿನಲ್ಲೇ.

2. ಐಸ್ ಇಡಿ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15 ರಿಂದ 20 ನಿಮಿಷ ಇಡಿ. ಎರಡು, ಮೂರು ತಾಸಿಗೊಮ್ಮೆ ಮತ್ತೆ ಇಡಬಹುದು. ನೇರ ಚರ್ಮದ ಮೇಲೆ ಬೇಡ. ಐಸ್ ಸಿಗದಿದ್ದರೆ ಮಣ್ಣಿನ ಗಡಿಗೆಯ ತಣ್ಣೀರಿನ ಬಟ್ಟೆ ಆದೀತು.

3. ಅಗಲ ಪಟ್ಟಿ ಕಟ್ಟಿ. ಬೆರಳು ಜೋಮು ಹಿಡಿಯುವಷ್ಟು, ನೀಲಿಯಾಗುವಷ್ಟು ಬಿಗಿ ಬೇಡ.

4. ಮಲಗಿದಾಗ ಕಾಲಿನ ಕೆಳಗೆ ದಿಂಬು ಇಟ್ಟು ಎತ್ತರ ಮಾಡಿ.

5. ಬಿಸಿ ಎಣ್ಣೆ, ಬಿಸಿ ಶಾಖ, ತಿಕ್ಕುವುದು, ಎಳೆದು ಕೂಡಿಸುವುದು, ಇವು ಮೊದಲ ಮೂರು ದಿನ ಬೇಡವೇ ಬೇಡ. ಒಳಗೆ ರಕ್ತ ಸೋರುತ್ತಿದ್ದರೆ ಇವು ಬಾವು ಹೆಚ್ಚಿಸುತ್ತವೆ. ಎಲುಬು ಮುರಿದಿದ್ದರೆ ತುಂಡು ಜರುಗಬಹುದು.

ಮೂರು ದಿನದ ಮೇಲೆ ಪೂರ್ತಿ ಹಾಸಿಗೆ ಹಿಡಿಯುವುದೂ ತಪ್ಪು. ಸಾಧ್ಯವಾದಷ್ಟು ಮೆಲ್ಲಗೆ ಮಡಚಿ, ಚಾಚಿ, ಕೋಲು ಹಿಡಿದು ನಡೆಯಿರಿ. ಕೋಲನ್ನು ನೋವಿನ ಕಾಲಿನ ಕಡೆ ಅಲ್ಲ, ಅದರ ಎದುರಿನ ಕೈಯಲ್ಲಿ ಹಿಡಿಯಬೇಕು. ಬಹಳ ಮಂದಿ ಇದನ್ನು ಉಲ್ಟಾ ಮಾಡುತ್ತಾರೆ.

ಯಾವಾಗ ಕೂಡಲೇ ಆಸ್ಪತ್ರೆಗೆ ಹೋಗಬೇಕು?

ಪೆಟ್ಟಾದ ಮೊಣಕಾಲಿಗೆ ಎಕ್ಸ್‌ರೇ ಯಾರಿಗೆ ಬೇಕು ಎಂಬುದಕ್ಕೆ ಕೆನಡಾ ದೇಶದ ಒಟ್ಟಾವಾ ಊರಿನ ವೈದ್ಯರು 1990 ರ ದಶಕದಲ್ಲಿ ಸರಳ ನಿಯಮ ಮಾಡಿದರು. ಲೋಕದ ಎಷ್ಟೋ ಆಸ್ಪತ್ರೆಗಳಲ್ಲಿ ಇದು ನಡೆಯುತ್ತದೆ. ಕೆಳಗಿನ ಒಂದಾದರೂ ಇದ್ದರೆ ಎಕ್ಸ್‌ರೇ ಬೇಕು:

- ವಯಸ್ಸು 55 ಅಥವಾ ಹೆಚ್ಚು
- ಬಿದ್ದ ಕೂಡಲೇ ಮತ್ತು ಆಸ್ಪತ್ರೆಯಲ್ಲಿಯೂ ನಾಲ್ಕು ಹೆಜ್ಜೆ ಇಡಲು ಆಗದಿರುವುದು
- ಮೊಣಕಾಲನ್ನು ಕುರ್ಚಿಯಲ್ಲಿ ಕೂತಷ್ಟು ಮಡಚಲು ಆಗದಿರುವುದು
- ಮಂಡಿಚಿಪ್ಪನ್ನು ಒತ್ತಿದರೆ ಅದರ ಮೇಲೆಯೇ ನೋವು
- ಮೊಣಕಾಲಿನ ಕೆಳಗೆ ಹೊರಬದಿಯ ಗಂಟೆಲುಬನ್ನು ಒತ್ತಿದರೆ ನೋವು

ಇವಲ್ಲದೆ ಪೆಟ್ಟಾದ ಒಂದೆರಡು ತಾಸಿನಲ್ಲೇ ಭಾರಿ ಬಾವು ಬಂದರೆ ಒಳಗೆ ರಕ್ತ ಸೋರಿದೆ ಎಂದು ತಿಳಿಯಿರಿ. ಕಾಲು ಮಡಚಿದಲ್ಲೇ ಸಿಕ್ಕಿಹಾಕಿಕೊಂಡು ಚಾಚಲು ಬಾರದಿದ್ದರೂ ತಡ ಮಾಡಬೇಡಿ. ಪಾದ ತಣ್ಣಗಾಗಿ ಜೋಮು ಹಿಡಿದರೆ, ಮೀನಖಂಡ ಬಾತು ನೋಯುತ್ತಿದ್ದರೆ, ಜ್ವರದ ಜೊತೆ ಮೊಣಕಾಲು ಕೆಂಪಾಗಿ ಸುಡುತ್ತಿದ್ದರೆ ಅದೇ ದಿನ ಹೋಗಿರಿ. ನಡೆಯಲು ಆಗದಿದ್ದರೆ 108 ಕ್ಕೆ ಫೋನ್ ಮಾಡಿ. ರಾತ್ರಿ ಕಳೆಯಲಿ, ಸಂತೆ ದಿನ ಹೋದರಾತು ಎನ್ನಬೇಡಿ.

ಡಾಕ್ಟರ್ ಮುಂದೆ ಏನು ಹೇಳಬೇಕು?

ನಮ್ಮ ಹೆಣ್ಣುಮಕ್ಕಳು ಡಾಕ್ಟರ್ ಮುಂದೆ ಕೂತರೆ "ಮೊಳಕಾಲ ನೋಯಲಾಕತ್ತದ ರೀ" ಎಂದಿಷ್ಟೇ ಹೇಳಿ ಸುಮ್ಮನಾಗುತ್ತಾರೆ. ಡಾಕ್ಟರ್ ಸವೆತದ ಗುಳಿಗೆ ಬರೆದು ಕಳಿಸುತ್ತಾರೆ. ತಪ್ಪು ಅವರದಷ್ಟೇ ಅಲ್ಲ. ನಾವು ಹೇಳಬೇಕಾದದ್ದು ಹೇಳಿರುವುದಿಲ್ಲ. ಮನೆಯಿಂದ ಹೊರಡುವಾಗಲೇ ಈ ಮಾತು ಜೋಡಿಸಿಕೊಳ್ಳಿ:

- ಯಾವ ದಿನ, ಏನು ಮಾಡುವಾಗ ಆಯಿತು? ಶಬ್ದ ಬಂತೆ?
- ಬಾವು ಕೂಡಲೇ ಬಂತೋ, ಮರುದಿನ ಬಂತೋ?
- ನಡೆಯುವಾಗ ಕಾಲು ಕೈಕೊಟ್ಟು ಜಾರಿದಂತಾಗುತ್ತದೆಯೇ? ಸಿಕ್ಕಿಹಾಕಿಕೊಳ್ಳುತ್ತದೆಯೇ?
- ಮುಂಚೆ ಏನೇನು ಮಾಡಲು ಆಗುತ್ತಿತ್ತು, ಈಗ ಏನು ಆಗುವುದಿಲ್ಲ?
- ಬಿ.ಪಿ., ಸಕ್ಕರೆ ಕಾಯಿಲೆ, ಕಿಡ್ನಿ, ಹೊಟ್ಟೆ ಹುಣ್ಣು ಇದೆಯೇ? ಈಗ ಯಾವ ಗುಳಿಗೆ ನುಂಗುತ್ತಿದ್ದೀರಿ?

"ನಾನು ಆಟ ಆಡುವಾಕೆ, ಮತ್ತೆ ಆಡಬೇಕು" ಎಂದು ಹೇಳಲು ನಾಚಬೇಡಿ. "ಹೊಲದಾಗ ನಾಟಿ ಹಚ್ಚಬೇಕು" ಎನ್ನುವುದೂ ಅಷ್ಟೇ ದೊಡ್ಡ ಮಾತು. ನಿಮ್ಮ ಗುರಿ ಗೊತ್ತಾದರೆ ಡಾಕ್ಟರ್ ಅದಕ್ಕೆ ತಕ್ಕ ಚಿಕಿತ್ಸೆ ಯೋಚಿಸುತ್ತಾರೆ. ಆಮೇಲೆ ನೀವೂ ಮೂರು ಪ್ರಶ್ನೆ ಕೇಳಿರಿ: ನನಗೆ ಆಗಿರುವುದೇನು? ಆಪರೇಷನ್ ಬಿಟ್ಟು ಬೇರೆ ದಾರಿ ಇದೆಯೇ? ಯಾವ ವ್ಯಾಯಾಮ ಮಾಡಲಿ? ಜೊತೆಗೆ ಓದಲು ಬರೆಯಲು ಬರುವ ಒಬ್ಬ ಸದಸ್ಯೆಯನ್ನು ಕರೆದುಕೊಂಡು ಹೋಗಿರಿ. ನೋವಿನಲ್ಲಿದ್ದವರ ಕಿವಿಗೆ ಅರ್ಧ ಮಾತು ಬೀಳುವುದಿಲ್ಲ.

ಸ್ಕ್ಯಾನ್‌ನಲ್ಲಿ ಹರಿದದ್ದು ಕಂಡರೆ ಆಪರೇಷನ್ ಆಗಲೇಬೇಕೇ?

ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ. ನಿಂತುಕೊಂಡು ತೆಗೆಸಿದರೆ ಸವೆತವೂ ತಿಳಿಯುತ್ತದೆ. ಬಿಲ್ಲೆ, ಕಟ್ಟು ಕಾಣಬೇಕಾದರೆ ಎಂ.ಆರ್.ಐ. ಸ್ಕ್ಯಾನ್ ಬೇಕು. ಆದರೆ ಒಂದು ಗುಟ್ಟು ತಿಳಿದಿರಲಿ. ಅಮೆರಿಕದಲ್ಲಿ 50 ರಿಂದ 90 ವಯಸ್ಸಿನ ಸಾಮಾನ್ಯ ಜನರ ಮೊಣಕಾಲು ಸ್ಕ್ಯಾನ್ ಮಾಡಿ 2008 ರಲ್ಲಿ ಫಲಿತಾಂಶ ಪ್ರಕಟಿಸಿದರು. ನೂರಕ್ಕೆ 35 ಮಂದಿಯಲ್ಲಿ ಬಿಲ್ಲೆ ಹರಿದಿತ್ತು. ಹಾಗೆ ಹರಿದವರಲ್ಲಿ ನೂರಕ್ಕೆ 61 ಮಂದಿಗೆ ನೋವೇ ಇರಲಿಲ್ಲ! ತಲೆಗೂದಲು ನರೆತಂತೆ ಬಿಲ್ಲೆಯೂ ವಯಸ್ಸಿಗೆ ಬಿರಿಯುತ್ತದೆ. ಸ್ಕ್ಯಾನ್‌ನಲ್ಲಿ ಕಂಡದ್ದೇ ನೋವಿಗೆ ಕಾರಣ ಎಂದು ಹೇಳಲಾಗದು.

ಫಿನ್ಲೆಂಡ್ ದೇಶದಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ಸವೆತದಿಂದ ಬಿಲ್ಲೆ ಹರಿದ 146 ಮಂದಿಯಲ್ಲಿ ಕೆಲವರಿಗೆ ನಿಜವಾಗಿ ಹರಿದ ಭಾಗ ಕತ್ತರಿಸಿದರು. ಉಳಿದವರಿಗೆ ಚರ್ಮದಲ್ಲಿ ರಂಧ್ರ ಮಾಡಿದರು, ಒಳಗೆ ಕತ್ತರಿಸಲಿಲ್ಲ. ಯಾರಿಗೆ ಏನಾಯಿತೆಂದು ರೋಗಿಗೆ ಗೊತ್ತಿರಲಿಲ್ಲ. ಒಂದು ವರ್ಷದ ಮೇಲೆ ನೋಡಿದರೆ ಎರಡೂ ಗುಂಪಿನವರು ಒಂದೇ ಸಮ ಸುಧಾರಿಸಿದ್ದರು. ಇದು 2013 ರಲ್ಲಿ ಪ್ರಕಟವಾಯಿತು. ನಮ್ಮ ಅಕ್ಕನಿಗೆ ಡಾಕ್ಟರ್ "ಮೊದಲು ವ್ಯಾಯಾಮ" ಎಂದದ್ದು ಸುಮ್ಮನೆ ಅಲ್ಲ.

ಹಾಗೆಂದು ಆಪರೇಷನ್ ಯಾರಿಗೂ ಬೇಡ ಎಂದಲ್ಲ. ಎಲುಬು ಮುರಿದು ಜರುಗಿದ್ದರೆ, ಹರಿದ ತುಂಡು ಸಿಕ್ಕಿ ಕಾಲು ಚಾಚಲು ಬಾರದಿದ್ದರೆ, ಮಂಡಿಚಿಪ್ಪಿನ ಸ್ನಾಯು ಪೂರ್ತಿ ಕಿತ್ತು ಕಾಲು ಎತ್ತಲೇ ಆಗದಿದ್ದರೆ ತಡ ಮಾಡಬಾರದು. ಕಟ್ಟು ಹರಿದು, ವ್ಯಾಯಾಮ ಮಾಡಿದ ಮೇಲೂ ಕಾಲು ಪದೇ ಪದೇ ಜಾರುತ್ತಿದ್ದರೆ ಆಪರೇಷನ್ ಬೇಕಾಗಬಹುದು. ಅದಕ್ಕೆ "ನಿಮಗೆ ವಯಸ್ಸಾಗಿದೆ" ಎನ್ನುವುದೊಂದೇ ಅಡ್ಡಿಯಲ್ಲ.

ಮೃದು ಎಲುಬು ಪೂರ್ತಿ ಸವೆದು, ರಾತ್ರಿ ನಿದ್ದೆಯೂ ಇಲ್ಲದಂತಾಗಿ, ಬೇರೆ ಚಿಕಿತ್ಸೆ ಫಲಿಸದಿದ್ದಾಗ ಮೊಣಕಾಲಿನ ಕೀಲು ಬದಲಿಸುತ್ತಾರೆ. ಪ್ರಧಾನಿಯಾಗಿದ್ದ ಅಟಲ್ ಬಿಹಾರಿ ವಾಜಪೇಯಿ ಅವರಿಗೆ 2000 ಮತ್ತು 2001 ರಲ್ಲಿ ಮುಂಬಯಿಯಲ್ಲಿ ಎರಡೂ ಮೊಣಕಾಲು ಬದಲಿಸಿದ್ದರು. ಹಾಕಿದ ಕೀಲುಗಳಲ್ಲಿ ಹತ್ತರಲ್ಲಿ ಎಂಟು 25 ವರ್ಷ ಬಾಳುತ್ತವೆ ಎಂದು ವಿದೇಶಗಳ ಲೆಕ್ಕ ಹೇಳುತ್ತದೆ. ಆದರೆ ಇದು ಕೊನೆಯ ಮೆಟ್ಟಿಲು. ಉಳುಕಿದ ಮೊಣಕಾಲಿಗೆ ಮೊದಲ ತಿಂಗಳಲ್ಲೇ ಈ ಮಾತು ಯಾರಾದರೂ ಎತ್ತಿದರೆ ಇನ್ನೊಬ್ಬ ಡಾಕ್ಟರನ್ನು ಕೇಳಿರಿ.

ಸೂಜಿ, ಗುಳಿಗೆ, ಪುಡಿ

"ಒಂದು ಸೂಜಿಗೆ ಕುದುರೆ ಹಂಗ ಓಡ್ತಿ" ಎನ್ನುವವರನ್ನು ನಂಬಬೇಡಿ. ಮೊಣಕಾಲಿನ ಒಳಗೆ ಹಾಕುವ ಸ್ಟೀರಾಯ್ಡ್ ಸೂಜಿ ಕೆಲವು ವಾರ ನೋವು ತಗ್ಗಿಸುತ್ತದೆ. ತಿಳಿದ ಡಾಕ್ಟರ್ ಅಗತ್ಯ ನೋಡಿ ಹಾಕಿದರೆ ಸರಿ. ಪದೇ ಪದೇ ಹಾಕಿಸಿದರೆ ಮೃದು ಎಲುಬು ಸವೆಯುತ್ತದೆ. ಸ್ವಚ್ಛತೆ ಇಲ್ಲದಲ್ಲಿ ಹಾಕಿಸಿದರೆ ಕೀಲಿನೊಳಗೆ ಕೀವು ಆಗಬಹುದು.

ನೋವಿನ ಗುಳಿಗೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು. ಬಿ.ಪಿ. ಇದ್ದವರಿಗೆ ಇನ್ನೂ ಅಪಾಯ. ಸಂತೆಯಲ್ಲಿ ಸಿಗುವ ಹೆಸರಿಲ್ಲದ "ಗಿಡಮೂಲಿಕೆ" ಪುಡಿಯಲ್ಲಿ ಕೆಲವೊಮ್ಮೆ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಪುಡಿ ತಿಂದು ನೋವು ಹೋಯಿತು, ಆದರೆ ಮುಖ ಊದಿತು, ಸಕ್ಕರೆ ಏರಿತು ಎಂದರೆ ಡಾಕ್ಟರಿಗೆ ತೋರಿಸಿ. ಬಹಳ ದಿನ ತಿಂದಿದ್ದರೆ ಗಕ್ಕನೆ ಬಿಡುವುದೂ ಅಪಾಯ, ಡಾಕ್ಟರ್ ಹೇಳಿದಂತೆ ಬಿಡಬೇಕು.

ವ್ಯಾಯಾಮವೇ ದೊಡ್ಡ ಔಷಧ

ಬಾವು ಇಳಿದ ಮೇಲೆ, ಮುರಿತ ಇಲ್ಲ ಎಂದು ಡಾಕ್ಟರ್ ಹೇಳಿದ ಮೇಲೆ ಇವನ್ನು ಮಾಡಿ:

1. ಕಾಲು ಚಾಚಿ ಕೂತು ಮೊಣಕಾಲಿನ ಕೆಳಗೆ ಟವೆಲ್ ಸುರುಳಿ ಇಡಿ. ಅದನ್ನು ಕೆಳಕ್ಕೆ ಒತ್ತಿ ತೊಡೆ ಬಿಗಿ ಮಾಡಿ. ಐದು ಎಣಿಸಿ ಬಿಡಿ. ಹತ್ತು ಸಲ.

2. ಅಂಗಾತ ಮಲಗಿ ಒಂದು ಕಾಲು ಮಡಚಿ. ನೋವಿನ ಕಾಲು ನೆಟ್ಟಗೆ ಇಟ್ಟು ಒಂದು ಗೇಣಿನಷ್ಟು ಎತ್ತಿ, ಐದು ಎಣಿಸಿ ಇಳಿಸಿ. ಹತ್ತು ಸಲ.

3. ಮಲಗಿಯೇ ಹಿಮ್ಮಡಿಯನ್ನು ನೆಲದ ಮೇಲೆ ಜಾರಿಸುತ್ತ ಮೊಣಕಾಲು ಮಡಚಿ, ಚಾಚಿ. ಹತ್ತು ಸಲ.

4. ಸ್ವಲ್ಪ ಬಲ ಬಂದ ಮೇಲೆ, ಕೈ ಊರದೆ ಕುರ್ಚಿಯಿಂದ ಎದ್ದು ಕೂಡುವುದು. ಹತ್ತು ಸಲ.

ಮೊದಲ ಮೂರನ್ನು ದಿನಕ್ಕೆ ಎರಡು, ಮೂರು ಹೊತ್ತು ಮಾಡಬಹುದು. ಸ್ವಲ್ಪ ನೋವಾದರೆ ಹೆದರಬೇಡಿ. ಮರುದಿನ ನೋವು, ಬಾವು ಹೆಚ್ಚಾದರೆ ಅರ್ಧಕ್ಕೆ ಇಳಿಸಿ. ಬಲ ಬರಲು ಆರರಿಂದ ಹನ್ನೆರಡು ವಾರ ಬೇಕು. ಎಂಟು ದಿನ ಮಾಡಿ "ಏನೂ ಉಪಯೋಗ ಇಲ್ಲ" ಎಂದು ಬಿಡುವವರೇ ಹೆಚ್ಚು. ಬೀಜ ಹಾಕಿದ ಎಂಟು ದಿನಕ್ಕೆ ತೊಗರಿ ರಾಶಿ ಮಾಡುತ್ತೇವೆಯೇ?

ಮೈತೂಕ ಹೆಚ್ಚಿದ್ದವರು ಒಂದು ಕೆ.ಜಿ. ಇಳಿಸಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕೆ.ಜಿ. ಕಡಿಮೆಯಾಗುತ್ತದೆ. ಕೆಲವು ತಿಂಗಳು ನೆಲಕ್ಕೆ ಕೂಡುವುದು ಬಿಡಿ. ಒಲೆಯನ್ನು ಕಟ್ಟೆಯ ಮೇಲೆ ಇಟ್ಟು ರೊಟ್ಟಿ ಮಾಡಿ. ಕಸ ತೆಗೆಯುವಾಗ ಸಣ್ಣ ಮಣೆ ಇಟ್ಟುಕೊಳ್ಳಿ.

ಖರ್ಚಿನ ಮಾತು

ಆಡು, ಬಂಗಾರ ಮಾರುವ ಮೊದಲು ಇದನ್ನು ಓದಿ. ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಶಹಾಪುರ, ಸುರಪುರದ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಯಾದಗಿರಿ ಜಿಲ್ಲಾ ಆಸ್ಪತ್ರೆ. ಯಾದಗಿರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಎಲುಬಿನ ಡಾಕ್ಟರ್ ಮತ್ತು ಫಿಜಿಯೋಥೆರಪಿ ಯಾವ ದಿನ ಇರುತ್ತದೆ ಎಂದು ಕೇಳಿಕೊಂಡು ಹೋಗಿರಿ. ಇನ್ನೂ ಹೆಚ್ಚಿನದು ಬೇಕಾದರೆ ಕಲಬುರಗಿಯ ಜಿಮ್ಸ್, ರಾಯಚೂರಿನ ರಿಮ್ಸ್ ಸರ್ಕಾರಿ ಆಸ್ಪತ್ರೆಗಳಿವೆ. ಜೂನ್ 2023 ರಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣ ಇಲ್ಲ. ವ್ಯಾಯಾಮ ಕಲಿಯಲು ನಾಲ್ಕು ಸಲ ಹೋಗಿ ಬರುವುದಕ್ಕೆ ಇದೇ ಆಸರೆ.

ದಾಖಲಾಗಬೇಕಾದ ಚಿಕಿತ್ಸೆಗೆ 2018 ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದರಲ್ಲಿ ಚಿಕಿತ್ಸೆ. ನೆನಪಿಡಿ: ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಆಗದಿದ್ದರೆ ಅವರೇ ರೆಫರಲ್ ಪತ್ರ ಕೊಡುತ್ತಾರೆ. ಪತ್ರ ಇಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಹೋಗಿ ಬಿಲ್ ಕಟ್ಟಿ ಬಂದರೆ ಯೋಜನೆ ಕೈಗೆ ಸಿಗುವುದಿಲ್ಲ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು "ಈ ಚಿಕಿತ್ಸೆ ಯೋಜನೆಯಲ್ಲಿ ಬರುತ್ತದೆಯೇ" ಎಂದು ಕೇಳಿರಿ.

ಮೊಣಕಾಲಿನ ಕೃತಕ ಕೀಲಿನ ಬೆಲೆಗೆ ಕೇಂದ್ರ ಸರ್ಕಾರ ಆಗಸ್ಟ್ 2017 ರಲ್ಲಿ ಮಿತಿ ಹಾಕಿತು. ಹೆಚ್ಚಾಗಿ ಬಳಸುವ ಕೀಲಿಗೆ ಆಗ ನಿಗದಿಯಾದದ್ದು ತೆರಿಗೆ ಬಿಟ್ಟು 54,720 ರೂಪಾಯಿ. ಅದಕ್ಕೂ ಮುಂಚೆ ಒಂದೂವರೆ ಲಕ್ಷ ದಾಟುತ್ತಿತ್ತು. ಖಾಸಗಿಯಲ್ಲಿ ಮಾಡಿಸುವವರು ಕೀಲಿನ ಬೆಲೆ ಬೇರೆಯಾಗಿ ನಮೂದಿಸಿದ ಬಿಲ್ ಕೇಳಿ ಪಡೆಯಿರಿ. ಅದು ನಿಮ್ಮ ಹಕ್ಕು.

ಮತ್ತೆ ಆಡಬಹುದೇ?

ಆಡಬಹುದು. ಪಂಜಾಬಿನ ಮನ್ ಕೌರ್ ಎಂಬ ಅಜ್ಜಿ 93 ನೇ ವಯಸ್ಸಿನಲ್ಲಿ ಓಡಲು ಶುರು ಮಾಡಿ, 2017 ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ 101 ನೇ ವಯಸ್ಸಿಗೆ 100 ಮೀಟರ್ ಓಟದಲ್ಲಿ ಚಿನ್ನ ಗೆದ್ದರು. ಆದರೆ ಅವರು ದಿನಾ ಅಭ್ಯಾಸ ಮಾಡುತ್ತಿದ್ದರು. ನಾವು ವರ್ಷವಿಡೀ ಓಡದೆ ಮಾರ್ಚ್ 8 ಕ್ಕೆ ಒಮ್ಮೆಲೇ ಓಡುತ್ತೇವೆ. ಅಲ್ಲಿಯೇ ಪೆಟ್ಟು ಬೀಳುವುದು.

ಬಾವು ಪೂರ್ತಿ ಹೋಗಿ, ಕಾಲು ಪೂರ್ತಿ ಚಾಚಿ, ಪೆಟ್ಟಾದ ಕಾಲೊಂದರ ಮೇಲೆ ಅಲುಗದೆ ನಿಲ್ಲಲು ಆದ ಮೇಲೆ ಮೊದಲು ಜೋರು ನಡಿಗೆ, ಆಮೇಲೆ ನೆಟ್ಟಗೆ ಓಟ, ಎಲ್ಲಕ್ಕೂ ಕೊನೆಗೆ ಗಕ್ಕನೆ ತಿರುಗುವ ಖೋಖೋ, ಕಬಡ್ಡಿ. ಈ ಸಾಲು ತಪ್ಪಿಸಬೇಡಿ.

ಸಂಘದ ಮುಂದಿನ ಸಭೆಯಲ್ಲಿ ಚರ್ಚಿಸಿ ತೀರ್ಮಾನಿಸಿ

1. ಮಹಿಳಾ ದಿನದ ಆಟಕ್ಕೆ ಒಂದು ತಿಂಗಳು ಮುಂಚೆಯೇ ವಾರಕ್ಕೆ ಮೂರು ದಿನ ನಡಿಗೆ, ವ್ಯಾಯಾಮ ಶುರು ಮಾಡೋಣವೇ?
2. ಆಟದ ದಿನ ಮೈದಾನದಲ್ಲಿ ಐಸ್, ಅಗಲ ಪಟ್ಟಿ ಇಡುವ ಜವಾಬ್ದಾರಿ ಯಾರದು? ಕಲ್ಲು, ತಗ್ಗು ನೋಡಿ ಮೈದಾನ ಸರಿ ಮಾಡುವವರು ಯಾರು?
3. ಪೆಟ್ಟಾದ ಸದಸ್ಯೆಯ ಜೊತೆ ಆಸ್ಪತ್ರೆಗೆ ಹೋಗುವ ಇಬ್ಬರು ಯಾರು?
4. ಬಡ್ಡಿ ಸಾಲಕ್ಕೆ ಹೋಗುವ ಮೊದಲು ಸಂಘದ ಉಳಿತಾಯದಿಂದ ಆರೋಗ್ಯ ಸಾಲ ಕೊಡುವ ನಿಯಮ ಮಾಡೋಣವೇ?

ಕಥೆ ಹೇಳಿದ ಆ ಅಕ್ಕ ಮುಂದಿನ ಮಹಿಳಾ ದಿನಕ್ಕೆ ಖೋಖೋ ಆಡಲಿಲ್ಲ. ನಡಿಗೆ ಸ್ಪರ್ಧೆಗೆ ಹೆಸರು ಕೊಟ್ಟರು, ಕೊನೆಯವರೆಗೆ ನಡೆದರು. "ಬಹುಮಾನ ಬರಲಿಲ್ಲ ರೀ, ಆದ್ರ ನಾಟಿಗೆ ಹೋಗಲಾಕತ್ತೀನಿ" ಎಂದರು. ನಮಗೆ ಅದಕ್ಕಿಂತ ದೊಡ್ಡ ಬಹುಮಾನ ಬೇಕಾಗಿಲ್ಲ.